ಕಾಲಿಗೆ ತೊಟ್ಟ ಅಲಗು, ಉಸಿರಿನ ಲೆಕ್ಕ

ದಾದರ್ ಚೌಪಾಟಿಯಲ್ಲಿ ಅರಬ್ಬೀ ಸಮುದ್ರ ಕಾಲಬುಡಕ್ಕೇ ಬಂದು ಹೋಗುತ್ತದೆಯಾದರೂ, ಉಸಿರು ಬಿಗಿಹಿಡಿದು ಆಳಕ್ಕೆ ಮುಳುಗುವ ಫ್ರೀಡೈವಿಂಗ್ ಕ್ರೀಡೆಯನ್ನು ಕಲಿಯುವುದಕ್ಕೆ ಆ ನೀರು ಒದಗುವುದಿಲ್ಲ. ಮಿಠಿ ನದಿ ನಗರದ ಕೊಳೆಯನ್ನು ಹೊತ್ತು ತಂದು ಪಕ್ಕದ ಮಾಹಿಮ್ ಕೊಲ್ಲಿಗೆ ಸುರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಐದು ಮೀಟರಿನ ಸಮೀಪಕ್ಕೆ ಹೋಗುವ ಉಬ್ಬರ ಇಳಿತಗಳು ತಳದ ಕೆಸರನ್ನು ಕದಡುತ್ತಲೇ ಇರುತ್ತವೆ. ಮುಳುಗಿದವನಿಗೆ ತನ್ನ ಕೈಯೇ ಕಾಣದ ಮಬ್ಬು ಅಲ್ಲಿಯದು. ಹಾಗಾಗಿ ಈ ವಿದ್ಯೆಯ ಮೊದಲ ಪಾಠಕ್ಕೆ ದಾದರಿನವರಿಗೆ ಸಮುದ್ರಕ್ಕಿಂತ ಕೊಳವೇ ಗತಿ, ಮತ್ತು ಆ ಕೊಳ ಶಿವಾಜಿ ಪಾರ್ಕ್ ಬಳಿ, ದಂಡೆಯಿಂದ ಹೆಚ್ಚು ದೂರವಿಲ್ಲದೆ ಇದೆ: ಬೃಹನ್ಮುಂಬಯಿ ಮಹಾನಗರ ಪಾಲಿಕೆಯ ಮಹಾತ್ಮಾ ಗಾಂಧಿ ಸ್ಮಾರಕ ಈಜುಕೊಳ. ಅಲ್ಲಿಂದ ಮುಂದಿನ ಪಾಠಕ್ಕೆ ಸಿಂಧುದುರ್ಗ ಜಿಲ್ಲೆಯ ತಾರ್ಕರ್ಲಿ, ಉತ್ತರ ಕನ್ನಡದ ಮುರ್ಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ಒಳಗಿರುವ ನೇತ್ರಾಣಿ ದ್ವೀಪ, ಇನ್ನೂ ಮುಂದೆ ಲಕ್ಷದ್ವೀಪ ಮತ್ತು ಅಂಡಮಾನ್ ಇವೆ. ಕೊಳದಿಂದ ಆಳದವರೆಗಿನ ಈ ದಾರಿಯಲ್ಲಿ ಮುಳುಗುವವನ ಮೈಮೇಲೆ ಇರುವ ಸಲಕರಣೆ ಬಹಳ ಕಡಿಮೆ. ಗಾಳಿಯ ಸಿಲಿಂಡರ್ ಇಲ್ಲ, ಕೊಳವೆ ಇಲ್ಲ. ಇರುವುದರಲ್ಲಿ ಎಲ್ಲಕ್ಕಿಂತ ಹೆಚ್ಚು ವಿಜ್ಞಾನ ಅಡಗಿರುವುದು ಕಾಲಿಗೆ ತೊಡುವ ಉದ್ದನೆಯ ಫಿನ್‌ಗಳಲ್ಲಿ.

ಫಿನ್ ಎಂದರೆ ವೇಗಕ್ಕಾಗಿ ಮಾಡಿದ ಸಾಧನವೆಂದು ಬಹುತೇಕರು ತಿಳಿಯುವುದುಂಟು. ಫ್ರೀಡೈವಿಂಗಿನ ಮಟ್ಟಿಗೆ ಈ ತಿಳಿವಳಿಕೆ ಅರ್ಧ ಸತ್ಯ. ನೀರಿನ ಎಳೆತವನ್ನು ಮೀರಿ ಸಾಗಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ವೇಗ ಇಮ್ಮಡಿಯಾದರೆ ಶಕ್ತಿ ಎಂಟು ಪಟ್ಟಾಗಬೇಕು. ಒಂದೇ ಉಸಿರಿನಲ್ಲಿ ತುಂಬಿಕೊಂಡ ಆಮ್ಲಜನಕವನ್ನೇ ನಂಬಿ ಇಳಿದವನಿಗೆ ಅಷ್ಟೊಂದು ದುಂದು ಸಾಧ್ಯವಿಲ್ಲದ ಕಾರಣ ನುರಿತವರು ಸೆಕೆಂಡಿಗೆ ಸುಮಾರು ಒಂದು ಮೀಟರಿನ ನಿಧಾನಗತಿಯನ್ನೇ ಆರಿಸಿಕೊಳ್ಳುತ್ತಾರೆ. ದೇಹದ ಅತಿ ದೊಡ್ಡ ಸ್ನಾಯುಗಳು ತೊಡೆಯಲ್ಲೂ ನಿತಂಬದಲ್ಲೂ ಇರುವುದರಿಂದ ಕಾಲಿನ ಒಂದೊಂದು ಬೀಸೂ ಆಮ್ಲಜನಕದ ದೊಡ್ಡ ಖರ್ಚೇ ಸರಿ. ಆದ್ದರಿಂದ ಫಿನ್‌ನ ಗುಣವನ್ನು ಅಳೆಯಬೇಕಾದದ್ದು ಒಂದು ಮೀಟರ್ ಮುಂದೆ ಹೋಗಲು ಎಷ್ಟು ಉಸಿರು ವ್ಯಯವಾಯಿತು ಎಂಬುದರಿಂದ. ಉದ್ದ, ವಸ್ತು, ಕೋನ, ಪಾದದ ಹಿಡಿತ ಎಂಬ ಎಲ್ಲ ವಿನ್ಯಾಸದ ನಿರ್ಧಾರಗಳೂ ಈ ಒಂದು ಲೆಕ್ಕಕ್ಕೇ ಬಂದು ಸೇರುತ್ತವೆ.

ಫಿನ್ ಇಲ್ಲದೆ ಮುಳುಗುವ ಕಸುಬು ಈ ಕರಾವಳಿಗೆ ಹೊಸದೇನಲ್ಲ. ಮುಂಬಯಿಯ ಉತ್ತರಕ್ಕೆ ಠಾಣೆ, ವಸಯಿ ಖಾಡಿಗಳಲ್ಲಿ ಮರಳು ತೆಗೆಯುವ ಕೂಲಿಗಳು ದೋಣಿಯಿಂದ ತಳಕ್ಕೆ ಊರಿದ ಉದ್ದನೆಯ ಗಳುವನ್ನು ಹಿಡಿದು, ಕಬ್ಬಿಣದ ಬಕೆಟ್ಟಿನ ಜೊತೆ ಸುಮಾರು 40 ಅಡಿಯವರೆಗೂ ಬರಿಗಾಲಲ್ಲಿ ಇಳಿದು, ಕತ್ತಲೆಯಲ್ಲೇ ಮರಳು ತುಂಬಿ ಮೇಲೆ ಬರುತ್ತಿದ್ದುದು ದಾಖಲಾದ ಸಂಗತಿ. ಕರ್ನಾಟಕದ ಕರಾವಳಿಯಲ್ಲಿ ಬಂಡೆಗೆ ಅಂಟಿದ ಪಚ್ಚಿಲೆಯನ್ನು ಉಳಿಯಿಂದ ಕಿತ್ತು ತರುವವರ ಕೆಲಸವೂ ಉಸಿರು ಹಿಡಿದು ಮುಳುಗುವುದೇ. ಗಳು ಹಿಡಿದು ಕೈಯಿಂದ ಇಳಿಯುವ ಮರಳಿನವರ ಉಪಾಯ, ಹಗ್ಗವನ್ನು ಕೈಯಿಂದ ಎಳೆದುಕೊಂಡು ಇಳಿಯುವ ‘ಫ್ರೀ ಇಮ್ಮರ್ಶನ್’ ಎಂಬ ಸ್ಪರ್ಧಾ ಪ್ರಕಾರದ್ದೇ ಆಗಿದೆ; ಸ್ಪರ್ಧಾಳುಗಳಿಗೆ ಪದಕ ಸಿಗುತ್ತದೆ, ಅವರಿಗೆ ಕೂಲಿಯೂ ಕಿವಿನೋವೂ ಸಿಗುತ್ತಿದ್ದವು ಎಂಬುದಷ್ಟೇ ವ್ಯತ್ಯಾಸ.

ಬರಿಗಾಲಿಗೂ ಫಿನ್‌ಗೂ ನಡುವಿನ ಅಂತರವನ್ನು ಅಳೆಯಲು ಬಹಾಮಾಸ್‌ನ ‘ಡೀನ್ಸ್ ಬ್ಲೂ ಹೋಲ್’ ಎಂಬ 202 ಮೀಟರ್ ಆಳದ ಕಡಲ ಕುಳಿಯಲ್ಲಿ ನಡೆದ ಮೂರು ಮುಳುಗುಗಳು ಸಾಕು. ನ್ಯೂಜಿಲೆಂಡಿನ ವಿಲಿಯಂ ಟ್ರೂಬ್ರಿಜ್ 2016ರಲ್ಲಿ ಫಿನ್ ಇಲ್ಲದೆ 102 ಮೀಟರ್ ಇಳಿದು ಬಂದರು. ಫ್ರಾನ್ಸಿನ ಆರ್ನೋ ಜೆರಾಲ್ಡ್ 2022ರಲ್ಲಿ ಒಂದೊಂದು ಕಾಲಿಗೆ ಒಂದೊಂದರಂತೆ ತೊಡುವ ಜೋಡಿ ಫಿನ್‌ಗಳಿಂದ 120 ಮೀಟರ್ ಮುಟ್ಟಿದರು. ರಷ್ಯಾದ ಅಲೆಕ್ಸಿ ಮೊಲ್ಚಾನೊವ್ 2021ರಲ್ಲಿ ಎರಡೂ ಪಾದಗಳನ್ನು ಒಂದೇ ಅಗಲವಾದ ಅಲಗಿಗೆ ಸಿಕ್ಕಿಸುವ ಮೊನೊಫಿನ್‌ನಿಂದ 131 ಮೀಟರ್ ತಲುಪಿದರು. ಕೊಳದ ಅಂಕಿಗಳು ಇನ್ನೂ ನೇರ. 2016ರಲ್ಲಿ ಫಿನ್ಲೆಂಡಿನ ಟುರ್ಕು ನಗರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪೋಲೆಂಡಿನ ಮಾತೆಯುಷ್ ಮಾಲಿನಾ ಒಂದೇ ಉಸಿರಿನಲ್ಲಿ ಬರಿಗಾಲಲ್ಲಿ 244 ಮೀಟರ್, ಮೊನೊಫಿನ್ ತೊಟ್ಟು 300 ಮೀಟರ್ ಸಾಗಿದರು. ಎರಡೂ ದೂರಗಳು ಒಬ್ಬನೇ ಮನುಷ್ಯನವು, ಒಂದೇ ಕೊಳದವು. ಮಧ್ಯದ 56 ಮೀಟರಿನ ಬಹುಪಾಲು ಆ ಅಲಗಿಗೆ ಸಲ್ಲಬೇಕಾದದ್ದು.

ಈ ಅಲಗಿನ ಇತಿಹಾಸವನ್ನು ಚುಟುಕಾಗಿ ಹೇಳಿಬಿಡಬಹುದು. ಬೆಂಜಮಿನ್ ಫ್ರಾಂಕ್ಲಿನ್ ಬಾಲ್ಯದಲ್ಲಿ ಕೈಗೆ ಹಿಡಿಯುವ ಮರದ ಹಲಗೆಗಳನ್ನು ಮಾಡಿಕೊಂಡು ಈಜಿದ್ದುಂಟು. ಕಾಲಿನ ಫಿನ್‌ಗಳನ್ನು ಉಪಯೋಗಕ್ಕೆ ಬರುವ ರೂಪಕ್ಕೆ ತಂದವನು ಫ್ರೆಂಚ್ ನೌಕಾ ಅಧಿಕಾರಿ ಲೂಯಿ ದ ಕೊರ್ಲಿಯು. 1914ರಲ್ಲಿ ಪ್ರದರ್ಶನ, 1933ರಲ್ಲಿ ಪೇಟೆಂಟ್. ಅವನಿಂದ ಪರವಾನಗಿ ಪಡೆದು 1940ರಲ್ಲಿ ರಬ್ಬರಿನ ಫಿನ್‌ಗಳನ್ನು ಮಾರುಕಟ್ಟೆಗೆ ತಂದ ಅಮೆರಿಕದ ಓವನ್ ಚರ್ಚಿಲ್ 1932ರ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ಸ್ಪರ್ಧೆಯ ಚಿನ್ನ ಗೆದ್ದಿದ್ದವನು; ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಮುಳುಗು ಸೈನಿಕರು ಕಾಲಿಗೆ ತೊಟ್ಟದ್ದು ಅವನ ರಬ್ಬರನ್ನೇ. ಪಾದವನ್ನು ಚಪ್ಪಲಿಯಂತೆ ಪಟ್ಟಿಯಲ್ಲಿ ಬಿಗಿಯುವ ಬದಲು ಪೂರ್ತಿಯಾಗಿ ಒಳಗೆ ಸೇರಿಸಿಕೊಳ್ಳುವ, ಅಲಗನ್ನು ಪಾದದ ರೇಖೆಗಿಂತ ತುಸು ಬಾಗಿಸಿ ಕೂರಿಸುವ ಎಣಿಕೆ ಯುದ್ಧಾನಂತರದ ಇಟಲಿಯದು. ಕ್ರೆಸ್ಸಿ ಕಂಪನಿಗಾಗಿ ಲುಯಿಜಿ ಫೆರ್ರಾರೊ ರೂಪಿಸಿದ ‘ರೊಂಡಿನೆ’ ಅದರ ಹೆಸರಾಂತ ಮಾದರಿ. ಮೆಡಿಟರೇನಿಯನ್ ಕಡಲಲ್ಲಿ ಈಟಿಯಿಂದ ಮೀನು ಹೊಡೆಯುವವರು ಆಳಕ್ಕೆ ಹೋಗಬೇಕಾದಾಗ ಅಲಗನ್ನು ಉದ್ದ ಮಾಡಿದರು, ಮತ್ತು ಇಂದಿನ ಫ್ರೀಡೈವಿಂಗ್ ಫಿನ್ ಹುಟ್ಟಿದ್ದು ಅವರ ಕಸುಬಿನಿಂದ.

ಜೋಡಿ ಫಿನ್‌ಗೆ ಮುಖ್ಯವಾಗಿ ಮೂರು ಭಾಗಗಳಿವೆ: ಪಾದವನ್ನು ಹಿಡಿಯುವ ರಬ್ಬರಿನ ಫುಟ್ ಪಾಕೆಟ್, ನೀರನ್ನು ತಳ್ಳುವ ಬ್ಲೇಡ್ ಅಥವಾ ಅಲಗು, ಮತ್ತು ಅಲಗಿನ ಎರಡು ಅಂಚುಗಳಿಗೂ ಅಂಟಿಸಿದ ತೆಳು ರಬ್ಬರಿನ ಏಣುಗಳು. ಕೊಳ್ಳುವವರು ಅಲಗನ್ನೇ ನೋಡುತ್ತಾರೆ, ಬೆಲೆಯೂ ಅದರಲ್ಲೇ ಇದೆ. ಆದರೆ ಮೊದಲು ನೋಡಬೇಕಾದದ್ದು ಫುಟ್ ಪಾಕೆಟ್. ಹಿಮ್ಮಡಿಯ ಬಳಿ ಒಂದು ಬೆರಳು ಆಡುವಷ್ಟು ಸಡಿಲವಿದ್ದರೂ ಪ್ರತಿ ಬೀಸಿನ ಮೊದಲ ಪಾಲು ರಬ್ಬರನ್ನು ಪಾದದ ಸುತ್ತ ತಿರುಚುವುದರಲ್ಲೇ ಮುಗಿದು, ಅಲಗಿಗೆ ಶಕ್ತಿ ತಲುಪುವುದು ತಡವಾಗುತ್ತದೆ. ಬಿಗಿ ಹೆಚ್ಚಾದರೆ ಪಾದದ ಮೇಲ್ಭಾಗದ ರಕ್ತಸಂಚಾರ ಕುಗ್ಗಿ, ಆಳದಿಂದ ಮರಳುವ ಹೊತ್ತಿಗೆ ಅಂಗಾಲಿನಲ್ಲಿ ಸೆಳೆತ ಹಿಡಿಯುತ್ತದೆ. ಪಾಕೆಟ್ಟಿನ ಎರಡೂ ಬದಿಯಲ್ಲಿ ಅಲಗಿನ ಮೇಲೆ ಚಾಚಿಕೊಂಡಿರುವ ರಬ್ಬರಿನ ನರಗಳಂಥ ಪಟ್ಟಿಗಳಿಗೂ ಕೆಲಸವಿದೆ: ಗಟ್ಟಿಯಾದ ಅಲಗು ಮೆತ್ತನೆಯ ರಬ್ಬರಿನಿಂದ ಹೊರಬರುವ ಸ್ಥಳದಲ್ಲಿ ಎಲ್ಲ ಒತ್ತಡವೂ ಒಂದೇ ಗೆರೆಯಲ್ಲಿ ಬಿದ್ದರೆ ಅಲಗು ಅಲ್ಲೇ ಮುರಿಯುವುದರಿಂದ, ಆ ಪಟ್ಟಿಗಳು ಒತ್ತಡವನ್ನು ಸ್ವಲ್ಪ ಸ್ವಲ್ಪವಾಗಿ ಮುಂದಕ್ಕೆ ಹಂಚುತ್ತವೆ.

ಅಲಗನ್ನು ಪಾದಕ್ಕೆ ನೇರವಾಗಿ ಕೂರಿಸದೆ ಸಾಮಾನ್ಯವಾಗಿ 15ರಿಂದ 30 ಡಿಗ್ರಿಗಳಷ್ಟು ಕೆಳಕ್ಕೆ ಬಾಗಿಸಿರುವುದಕ್ಕೂ ದೇಹರಚನೆಯೇ ಕಾರಣ. ಮನುಷ್ಯನ ಕಣಕಾಲಿನ ಕೀಲು ಪಾದವನ್ನು ಮೊಣಕಾಲಿನ ನೇರಕ್ಕೆ ಪೂರ್ತಿಯಾಗಿ ಚಾಚಲು ಬಿಡುವುದಿಲ್ಲವಾದ್ದರಿಂದ, ಕೋನವಿಲ್ಲದ ಅಲಗು ಕಾಲು ಚಾಚಿದಾಗಲೂ ಓರೆಯಾಗಿಯೇ ನಿಂತು, ಮುಂದಿನ ಬೀಸಿಗೆ ಹೆಚ್ಚು ನೀರು ಹಿಂದಿನ ಬೀಸಿಗೆ ಕಡಿಮೆ ನೀರು ತಳ್ಳುತ್ತದೆ. ಕೋನವಿದ್ದರೆ ಎರಡೂ ದಿಕ್ಕಿನ ಕೆಲಸ ಸಮನಾಗುತ್ತದೆ. ಕಾಲು ಬೀಸದೆ ತಾನಾಗಿ ಇಳಿಯುವ ಹಂತದಲ್ಲಿ ಅಲಗು ದೇಹದ ರೇಖೆಯಲ್ಲೇ ಉಳಿದು ಎಳೆತವನ್ನು ಕಡಿಮೆ ಮಾಡುವುದೂ ಇದರ ಇನ್ನೊಂದು ಲಾಭ.

ಈ ‘ತಾನಾಗಿ ಇಳಿಯುವ’ ಮಾತನ್ನು ಸ್ವಲ್ಪ ಬಿಡಿಸಬೇಕು, ಏಕೆಂದರೆ ಅಲಗಿನ ವಿನ್ಯಾಸ ಅದನ್ನು ಅವಲಂಬಿಸಿದೆ. ನೀರಿನ ಮೇಲೆ ವಾತಾವರಣದ ಒತ್ತಡ ಒಂದು ಪಾಲಾದರೆ, ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಇನ್ನೊಂದು ಪಾಲು ಸೇರುತ್ತದೆ. ಶ್ವಾಸಕೋಶದ ಗಾಳಿ 10 ಮೀಟರಿನಲ್ಲಿ ಅರ್ಧಕ್ಕೂ, 20ರಲ್ಲಿ ಮೂರನೆಯ ಒಂದಕ್ಕೂ, 30ರಲ್ಲಿ ಕಾಲು ಭಾಗಕ್ಕೂ ಕುಗ್ಗುತ್ತದೆ. ಆದ್ದರಿಂದ ಮೊದಲ ಹತ್ತು ಮೀಟರ್ ತೇಲುವ ದೇಹವನ್ನು ಒತ್ತಿ ಕೆಳಗಿಳಿಸಬೇಕು. ಒಂದು ಆಳದ ನಂತರ ದೇಹ ತಾನೇ ಕಲ್ಲಿನಂತೆ ಇಳಿಯುತ್ತದೆ. ತಳದಲ್ಲಿ ತಿರುಗಿದಾಗ ಅದೇ ಭಾರವನ್ನು ಎತ್ತಿಕೊಂಡು ಬರಬೇಕು. ಒಂದೇ ಅಲಗು ಎರಡು ಕಡೆ ಬಲವಾಗಿಯೂ ಮಧ್ಯದಲ್ಲಿ ಇದ್ದೂ ಇಲ್ಲದಂತೆಯೂ ಇರಬೇಕಾಗುವುದು ಹೀಗೆ.

ಯಾವ ವಸ್ತುವಿನಿಂದ ಅಲಗು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ವಸ್ತುವಿನ ಬಿಗುವಿನಲ್ಲಿದೆ, ಅಂದರೆ ಬಾಗಿಸುವ ಬಲಕ್ಕೆ ಅದು ಒಡ್ಡುವ ಪ್ರತಿರೋಧದಲ್ಲಿ. ಜೊತೆಗೆ, ಬಾಗಿದಾಗ ಒಳಗೆ ತುಂಬಿಕೊಂಡ ಶಕ್ತಿಯಲ್ಲಿ ಎಷ್ಟನ್ನು ಮರಳಿ ನೀರಿಗೆ ಕೊಡುತ್ತದೆ ಎಂಬುದರಲ್ಲಿ. ರಬ್ಬರು ಬಾಗುತ್ತದೆ, ಆದರೆ ಶಕ್ತಿಯನ್ನು ಶಾಖವಾಗಿ ಕಳೆದುಬಿಡುತ್ತದೆ. ಪಾಲಿಪ್ರೊಪಿಲೀನ್ ಮುಂತಾದ ಪ್ಲಾಸ್ಟಿಕ್‌ಗಳು ಅಗ್ಗ, ಕಲ್ಲಿಗೆ ಬಡಿದರೂ ಸಹಿಸುತ್ತವೆ, ನೀರಿನ ಮೇಲೆ ತೇಲುತ್ತವೆ. ಆದರೆ ನಿಧಾನವಾಗಿ ಮರಳುವ ಸ್ವಭಾವದಿಂದಾಗಿ ಬೀಸಿನ ಕೊನೆಯ ಚಿಮ್ಮು ಸೊರಗುತ್ತದೆ. ಫೈಬರ್‌ಗ್ಲಾಸ್ ಅಂದರೆ ಗಾಜಿನ ಎಳೆಗಳನ್ನು ಎಪಾಕ್ಸಿ ರಾಳದಲ್ಲಿ ಕೂಡಿಸಿದ ಸಂಯುಕ್ತ. ಕಾರ್ಬನ್ ಫೈಬರ್‌ನಲ್ಲಿ ಗಾಜಿನ ಜಾಗಕ್ಕೆ ಇಂಗಾಲದ ಎಳೆಗಳು ಬರುತ್ತವೆ. ಎಳೆಗಳ ಬಿಗುವನ್ನಷ್ಟೇ ಹೋಲಿಸಿದರೆ ಪಾಲಿಪ್ರೊಪಿಲೀನ್‌ನದು ಒಂದೂವರೆ ಗಿಗಾಪಾಸ್ಕಲ್ ಆಸುಪಾಸು, ಗಾಜಿನದು 72, ಸಾಮಾನ್ಯ ದರ್ಜೆಯ ಕಾರ್ಬನ್‌ನದು 230. ಸಾಂದ್ರತೆಯಲ್ಲಿ ಮಾತ್ರ ಕಾರ್ಬನ್ ಎಳೆ ಗಾಜಿಗಿಂತ ಹಗುರ. ತೆಳ್ಳಗೆ, ಹಗುರವಾಗಿ ಮಾಡಿದರೂ ಚಿಮ್ಮು ಉಳಿಯುವುದು ಈ ಕಾರಣದಿಂದ.

ಕಾರ್ಬನ್ ಅಲಗೊಂದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಓರೆಯಾಗಿ ತಿರುಗಿಸಿದರೆ ಅದರ ಕಟ್ಟಡ ಕಣ್ಣಿಗೆ ಕಾಣುತ್ತದೆ. ಮೇಲ್ಮೈಯಲ್ಲಿ ಓರೆಗೆರೆಗಳಂತೆ ಹೊಳೆಯುವುದು ಇಂಗಾಲದ ಬಟ್ಟೆಯ ನೇಯ್ಗೆ. ಅದರ ಒಂದೊಂದು ಹುರಿಯಲ್ಲೂ ಐದರಿಂದ ಏಳು ಮೈಕ್ರಾನ್ ದಪ್ಪದ ಸಾವಿರಾರು ಎಳೆಗಳಿರುತ್ತವೆ. ಪಾದದ ಕಡೆಯಿಂದ ತುದಿಯ ಕಡೆಗೆ ಬೆರಳು ಎಳೆದರೆ ಅಲ್ಲಲ್ಲಿ ಕಾಗದದಷ್ಟು ತೆಳುವಾದ ಮೆಟ್ಟಿಲುಗಳು ಬೆರಳಿಗೆ ತಾಗುತ್ತವೆ: ಒಂದು ಪದರ ಅಲ್ಲಿಗೆ ಮುಗಿದಿದೆ ಎಂದರ್ಥ. ಬಾಗುವಿಕೆಯ ಬಿಗುವು ದಪ್ಪದ ಘನಕ್ಕೆ ಅನುಗುಣವಾದ್ದರಿಂದ ದಪ್ಪ ಅರ್ಧವಾದಲ್ಲಿ ಬಿಗುವು ಎಂಟನೆಯ ಒಂದಕ್ಕೆ ಇಳಿಯುತ್ತದೆ. ಹೀಗೆ ಪದರಗಳನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿ ಜೋಡಿಸುವುದರಿಂದಲೇ, ಗಾಳದ ಕೋಲು ಹಿಡಿಯ ಕಡೆ ಗಟ್ಟಿಯಾಗಿದ್ದು ತುದಿಯ ಕಡೆ ಬಳುಕುವಂತೆ, ಅಲಗೂ ಬುಡದಿಂದ ತುದಿಗೆ ಒಂದೇ ನಯವಾದ ಬಾಗಿನಲ್ಲಿ ಬಳುಕುತ್ತದೆ. ಉದ್ದಕ್ಕೆ ಹಾಸಿದ ಎಳೆಗಳು ಬಾಗುವ ಬಲವನ್ನು ಹೊರುತ್ತವೆ; 45 ಡಿಗ್ರಿ ಓರೆಯಲ್ಲಿ ಹಾಸಿದವು ಅಲಗು ತಿರುಚಿಕೊಳ್ಳದಂತೆ ತಡೆಯುತ್ತವೆ. ಯಾವ ಪದರ ಎಲ್ಲಿ ನಿಲ್ಲಬೇಕೆಂಬುದು ತಯಾರಕರ ಗುಟ್ಟು.

ಈ ಎಳೆಗಳ ಹುಟ್ಟು ಇನ್ನೊಂದು ಕಥೆ. ಪಾಲಿಆಕ್ರಿಲೋನೈಟ್ರೈಲ್ ಎಂಬ ಕೃತಕ ನೂಲನ್ನು ಮೊದಲು 200ರಿಂದ 300 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಹದ ಮಾಡಿ, ಬಳಿಕ ಆಮ್ಲಜನಕವಿಲ್ಲದ ಕುಲುಮೆಯಲ್ಲಿ 1000 ಡಿಗ್ರಿಗೂ ಮೇಲೆ ಕಾಯಿಸಿದಾಗ ಇಂಗಾಲವಲ್ಲದ ಬಹುಪಾಲು ಹೊರಟುಹೋಗಿ ಎಳೆ ಉಳಿಯುತ್ತದೆ. ಆ ಎಳೆಯ ಬಟ್ಟೆಗೆ ರಾಳವನ್ನು ಮೊದಲೇ ಹದವಾಗಿ ಸವರಿದ ಹಾಳೆಯನ್ನು ‘ಪ್ರಿಪ್ರೆಗ್’ ಎನ್ನುತ್ತಾರೆ. ರಾಳ ತನ್ನಷ್ಟಕ್ಕೆ ಗಟ್ಟಿಯಾಗದಿರಲೆಂದು ಅದನ್ನು ಶೈತ್ಯದಲ್ಲಿಟ್ಟು, ಬೇಕಾದಾಗ ಕತ್ತರಿಸಿ ಅಚ್ಚಿನ ಮೇಲೆ ಹಾಸಿ, ಗಾಳಿ ತೆಗೆದ ಚೀಲದೊಳಗೆ ಒತ್ತಿ ಬೇಯಿಸುತ್ತಾರೆ. ಒತ್ತಡ ಮತ್ತು ಶಾಖಗಳನ್ನು ಒಟ್ಟಿಗೆ ಕೊಡುವ ಆಟೋಕ್ಲೇವ್ ಎಂಬ ಉಕ್ಕಿನ ಕುಲುಮೆಯಲ್ಲಿ ಬೇಯಿಸಿದರೆ ಪದರಗಳ ನಡುವಿನ ಗಾಳಿಗುಳ್ಳೆಗಳು ಕಡಿಮೆಯಾಗುತ್ತವೆ. ಕನ್ನಡ ನಾಡಿಗೆ ಈ ವಿದ್ಯೆ ಅಪರಿಚಿತವಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ತೇಜಸ್ ಯುದ್ಧವಿಮಾನಕ್ಕಾಗಿ ಇದೇ ಬಗೆಯ ಸಂಯುಕ್ತಗಳನ್ನು ದಶಕಗಳಿಂದ ರೂಪಿಸುತ್ತ ಬಂದಿದ್ದು, ಆ ವಿಮಾನದ ಬಾಲದ ಮೇಲಿನ ಲಂಬ ಅಲಗೂ ಕಾರ್ಬನ್‌ನದ್ದೇ. ದಾದರಿಗೆ ಅಂಟಿಕೊಂಡ ಮಾಟುಂಗಾದಲ್ಲಂತೂ ಮುಂಬಯಿ ಕನ್ನಡಿಗರ ಹಳೆಯ ಮನೆಯಾದ ಮೈಸೂರು ಅಸೋಸಿಯೇಷನ್‌ಗೆ ಹೆಚ್ಚು ದೂರವಿಲ್ಲದೆ, 1933ರಲ್ಲಿ ಆರಂಭವಾದ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯೂ 1887ರಷ್ಟು ಹಳೆಯದಾದ ವೀರಮಾತಾ ಜೀಜಾಬಾಯಿ ತಂತ್ರಜ್ಞಾನ ಸಂಸ್ಥೆಯೂ ಇವೆ. ವಿಮಾನಕ್ಕೆ ಕಾರ್ಬನ್ ಹಾಸಬಲ್ಲ ದೇಶದ ಮುಳುಗುಗಾರರು ಇಟಲಿ, ಗ್ರೀಸ್, ಎಸ್ಟೋನಿಯಾಗಳ ಅಲಗುಗಳನ್ನು ತರಿಸಿಕೊಂಡು ತೊಡುತ್ತಿರುವುದು ವಿಚಿತ್ರವೇ ಸರಿ.

ಹಾಗೆಂದು ಕಾರ್ಬನ್ ಎಂಬ ಹೆಸರಿಗೇ ಮರುಳಾಗಬೇಕಿಲ್ಲ. ಗಾಜಿನ ಎಳೆ ಮುರಿಯುವ ಮೊದಲು ಕಾರ್ಬನ್ ಎಳೆಗಿಂತ ಎರಡು ಪಟ್ಟಿಗೂ ಹೆಚ್ಚು ಹಿಗ್ಗಬಲ್ಲದು. ಒರಟು ಬಳಕೆಯನ್ನು ಅದು ಸಹಿಸುವಷ್ಟು ಕಾರ್ಬನ್ ಸಹಿಸದು. ಈಜುಕೊಳದ ಹಾಸುಗಲ್ಲಿನ ಅಂಚಿಗೆ ಒಮ್ಮೆ ಜೋರಾಗಿ ತಾಗಿದ ಕಾರ್ಬನ್ ಅಲಗಿನ ಮೂಲೆಯಲ್ಲಿ ಕೂದಲೆಳೆಯ ಬಿರುಕು ಮೂಡಿ, ಪದರಗಳು ಒಳಗೊಳಗೇ ಬಿಟ್ಟುಕೊಂಡು, ಕೆಲವು ತಿಂಗಳ ಬಳಿಕ ಒಂದು ಸಾಧಾರಣ ಬೀಸಿಗೇ ಅದು ಮುರಿಯಬಹುದು. ಇದಕ್ಕಿಂತ ಮುಖ್ಯವಾದದ್ದು ಬಿಗುವಿನ ಆಯ್ಕೆ. ತಯಾರಕರು ಅಲಗನ್ನು ಮೃದು, ಮಧ್ಯಮ, ಗಡಸು ಎಂದು ವಿಂಗಡಿಸಿ ಮಾರುತ್ತಾರಾದರೂ ಒಬ್ಬರ ಮಧ್ಯಮ ಇನ್ನೊಬ್ಬರ ಗಡಸಾಗಿರುವುದು ಸಾಮಾನ್ಯ. ಕಾಲಿನ ಶಕ್ತಿಗೆ ಮೀರಿದ ಗಡಸು ಅಲಗನ್ನು ತೊಟ್ಟವನು ಸೊಂಟದಿಂದ ಬೀಸಲಾರದೆ ಮೊಣಕಾಲು ಮಡಿಸಿ ಸೈಕಲ್ ತುಳಿಯತೊಡಗುತ್ತಾನೆ. ಆಗ ಅಲಗು ನೀರನ್ನು ಹಿಂದಕ್ಕೆ ತಳ್ಳುವ ಬದಲು ಮೇಲೆ ಕೆಳಗೆ ಕಲಕುತ್ತದೆ, ತೊಡೆ ಉರಿಯುತ್ತದೆ, ಉಸಿರು ಬೇಗ ಮುಗಿಯುತ್ತದೆ. ಅತಿ ಮೃದುವಾದದ್ದು ತಳದಿಂದ ಭಾರವಾಗಿ ಏಳುವ ಹೊತ್ತಿನಲ್ಲಿ ಮಡಿಚಿಕೊಂಡು ಕೈಕೊಡುತ್ತದೆ. ಕಾಲಿಗೆ ಒಪ್ಪುವ ಬಿಗುವಿನ ಪ್ಲಾಸ್ಟಿಕ್ ಅಲಗು, ಒಪ್ಪದ ಕಾರ್ಬನ್‌ಗಿಂತ ಮೇಲು ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಅಂಚಿನ ಏಣುಗಳು ನೀರು ಬದಿಯಿಂದ ಸೋರಿಹೋಗದೆ ಅಲಗಿನ ಉದ್ದಕ್ಕೂ ಹರಿದು ತುದಿಯಿಂದ ಹೊರಬೀಳುವಂತೆ ಮಾಡುತ್ತವೆ, ಅಲಗು ಅತ್ತಿತ್ತ ಜಾರದಂತೆಯೂ ನೋಡಿಕೊಳ್ಳುತ್ತವೆ. ತುದಿಯನ್ನು ಮೀನಿನ ಬಾಲದಂತೆ ಸೀಳುವುದು, ಅಲೆಯಂತೆ ಕತ್ತರಿಸುವುದು ಇತ್ಯಾದಿಗಳ ಬಗೆಗೆ ಜಾಹೀರಾತುಗಳು ಹೇಳುವಷ್ಟು ವ್ಯತ್ಯಾಸ ಹವ್ಯಾಸಿಯ ಅನುಭವಕ್ಕೆ ಬರುವಂಥದ್ದಲ್ಲ.

ಮೊನೊಫಿನ್‌ನದು ಬೇರೆಯೇ ಜಾತಿ. 1970ರ ದಶಕದ ಆರಂಭದಲ್ಲಿ ಸೋವಿಯತ್ ಒಕ್ಕೂಟದಲ್ಲಿ ಫಿನ್‌ಸ್ವಿಮ್ಮಿಂಗ್ ಎಂಬ ವೇಗದ ಸ್ಪರ್ಧೆಗಾಗಿ ಬೆಳೆದ ಈ ಅಲಗಿಗೆ ಆ ಕ್ರೀಡೆಯ ನಿಯಮಗಳು 76 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಮಿತಿ ಹಾಕಿವೆ. ಕಾಲುಗಳೆರಡೂ ಒಂದಾಗಿ, ಎದೆಯಿಂದ ಹೊರಟ ಅಲೆ ಸೊಂಟ, ತೊಡೆಗಳನ್ನು ದಾಟಿ ಅಲಗಿನಲ್ಲಿ ಕೊನೆಗೊಳ್ಳುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚೀನಾದ ಪಾನ್ ಝಾನ್ಲೆ 100 ಮೀಟರ್ ಫ್ರೀಸ್ಟೈಲನ್ನು 46.40 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದರೆ, ಮೊನೊಫಿನ್ ತೊಟ್ಟ ಅಗ್ರ ಈಜುಗಾರರು ಅದೇ ದೂರವನ್ನು 35 ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಮುಗಿಸುತ್ತಾರೆ. 2023ರ ಅಕ್ಟೋಬರಿನಲ್ಲಿ ಶಿವಾಜಿ ಪಾರ್ಕಿನ ಇದೇ ಪಾಲಿಕೆ ಕೊಳದಲ್ಲಿ ಮೊಸಳೆಯ ಮರಿಯೊಂದು ಸಿಕ್ಕಿ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಕಾಲುಗಳನ್ನು ಮೈಗಂಟಿಸಿ ಬಾಲವೊಂದರಿಂದಲೇ ಈಜುವ ಆ ಪ್ರಾಣಿಯ ವಿಧಾನ, ಅಡ್ಡಕ್ಕೆ ಬೀಸುತ್ತದೆಂಬುದನ್ನು ಬಿಟ್ಟರೆ, ಮೊನೊಫಿನ್‌ನ ತತ್ತ್ವವೇ ಆಗಿತ್ತು. ಆದರೂ ಕಲಿಯುವವರಿಗೆ ಮೊನೊಫಿನ್ ಹೇಳಿಸಿದ್ದಲ್ಲ: ಬೆನ್ನಿಗೂ ಭುಜದ ಕೀಲಿಗೂ ಬೇಕಾದ ಬಳುಕು ವರ್ಷಗಳ ಅಭ್ಯಾಸದಿಂದ ಬರುವಂಥದ್ದು, ಮತ್ತು ದೋಣಿಯ ಪಕ್ಕ ಅಲೆಗಳ ನಡುವೆ ಎರಡೂ ಕಾಲು ಕಟ್ಟಿಕೊಂಡು ನಿಭಾಯಿಸುವುದು ಕಷ್ಟ.

ದಾದರಿನಿಂದ ಹೊರಡುವವರಿಗೆ ಕೆಲವು ವ್ಯಾವಹಾರಿಕ ಸಂಗತಿಗಳೂ ಮುಖ್ಯ. ಒಂದು ಮೀಟರಿನ ಸಮೀಪ ಉದ್ದವಿರುವ ಫಿನ್ ಸಾಮಾನ್ಯ ಸೂಟ್‌ಕೇಸಿನಲ್ಲಿ ಹಿಡಿಯದು; ಅಲಗನ್ನು ಪಾಕೆಟ್ಟಿನಿಂದ ಸ್ಕ್ರೂ ಬಿಚ್ಚಿ ತೆಗೆಯಬಹುದಾದ ಮಾದರಿ ಕೊಂಕಣ ರೈಲಿನ ಪ್ರಯಾಣಕ್ಕೆ ಅನುಕೂಲ, ಮುರಿದ ಅಲಗನ್ನಷ್ಟೇ ಬದಲಿಸುವುದಕ್ಕೂ ಆಗುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಫುಟ್ ಪಾಕೆಟ್ಟಿನ ಅಂಟು ಸಡಿಲುತ್ತದೆ. ಎಪಾಕ್ಸಿಗೆ ಸೂರ್ಯನ ಅತಿನೇರಳೆ ಕಿರಣಗಳೂ ಆಗವು. ಕೊಳದ ಕ್ಲೋರಿನ್ ಇರಲಿ, ನೇತ್ರಾಣಿಯ ಉಪ್ಪಿರಲಿ, ಬಳಸಿದ ದಿನವೇ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಕಾರ್ಬನ್‌ನ ಬೆಲೆ ಪ್ಲಾಸ್ಟಿಕ್‌ನ ಹಲವು ಪಟ್ಟು ಇರುವುದರಿಂದ, ಮೊದಲ ವರ್ಷ ಮೃದು ಪ್ಲಾಸ್ಟಿಕ್ಕಿನಲ್ಲಿ ಬೀಸು ಕಲಿತು, ಆಮೇಲೆ ಫೈಬರ್‌ಗ್ಲಾಸಿಗೆ ಬರುವುದು ಲೆಕ್ಕಕ್ಕೂ ಕಾಲಿಗೂ ಒಳ್ಳೆಯದು.

ಉತ್ತಮ ಅಲಗು ತರುವ ಅಪಾಯವೊಂದಿದೆ. ಕಡಿಮೆ ಶ್ರಮದಲ್ಲಿ ಹೆಚ್ಚು ದೂರ ಸಾಗಿದವನಿಗೆ ತನ್ನ ಮಿತಿ ಎಲ್ಲಿದೆಯೆಂದು ತಿಳಿಯುವುದು ತಡವಾಗುತ್ತದೆ. ಮುಳುಗುವ ಮೊದಲು ವೇಗವಾಗಿ ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ತಗ್ಗಿ ಉಸಿರಾಡುವ ತವಕವೇ ಹುಟ್ಟದೆ, ಆಮ್ಲಜನಕ ಮುಗಿದಾಗ ಎಚ್ಚರಿಕೆಯಿಲ್ಲದೆ ಪ್ರಜ್ಞೆ ತಪ್ಪುತ್ತದೆ. ಮೇಲಕ್ಕೆ ಬರುವ ಕೊನೆಯ ಹತ್ತು ಮೀಟರಿನಲ್ಲಿ ಒತ್ತಡ ಅರ್ಧಕ್ಕೆ ಇಳಿಯುವುದರಿಂದ ಈ ಮೂರ್ಛೆಯ ಸಂಭವ ಅಲ್ಲಿಯೇ ಹೆಚ್ಚು, ಎದೆಮಟ್ಟದ ಕೊಳದಲ್ಲೂ ಅದು ಪ್ರಾಣ ತೆಗೆಯಬಲ್ಲದು. ಒಬ್ಬರು ನೀರೊಳಗಿದ್ದರೆ ತರಬೇತಿಯಿರುವ ಇನ್ನೊಬ್ಬರು ಮೇಲಿದ್ದು ಕಣ್ಣಿಡಬೇಕೆಂಬುದು ಈ ಕ್ರೀಡೆಯ ಮೊದಲ ನಿಯಮ. ಉದ್ದ ಅಲಗುಗಳು ಕಿಕ್ಕಿರಿದ ಕೊಳದಲ್ಲಿ ಪಕ್ಕದ ಈಜುಗಾರರಿಗೂ ತಾಗುವಂಥವಾದ್ದರಿಂದ, ಮಹಾನಗರ ಪಾಲಿಕೆಯು ತನ್ನ ಕೊಳಗಳಲ್ಲಿ ವಾರಕ್ಕೆ ಒಂದೆರಡು ಗಂಟೆಯನ್ನು, ಬೇರೆಯೇ ಪಥವನ್ನು, ಮೂರ್ಛೆಯನ್ನು ಗುರುತಿಸಬಲ್ಲ ಜೀವರಕ್ಷಕನೊಬ್ಬನನ್ನು ಫಿನ್ ತೊಟ್ಟವರಿಗಾಗಿ ಮೀಸಲಿಡಬೇಕು. ಅಂಥ ವ್ಯವಸ್ಥೆ ಇಲ್ಲದ ಕೊಳದಲ್ಲಿ ಯಾರೂ ಒಂಟಿಯಾಗಿ ಉಸಿರು ಹಿಡಿದು ಮುಳುಗಬಾರದು.